ಅವ್ವನಿಗೆ ಎರಡು ಹೆಸರು

ಅಪ್ಪ ತೀರಿಕೊಂಡ ರಾತ್ರಿ ನನಗೆ ಎದುರಾದ ಮೊದಲ ಪ್ರಶ್ನೆ, "ಆರ್ಮಿ ನಂಬರ್ ಎಷ್ಟು ಸಾರ್?"

ಮೈಸೂರಿನ ಒಂದು ಆಸ್ಪತ್ರೆಯ ಬಿಲ್ ಕೌಂಟರು. ಒಳಗೆ ಕೂತಿದ್ದ ಹುಡುಗನಿಗೆ ಅಪ್ಪ ಇಸಿಎಚ್‌ಎಸ್ ಲೆಕ್ಕದ ರೋಗಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯದ್ದು, ಅಂದರೆ ನಾವು ಕಾಸು ಕಟ್ಟಬೇಕಿಲ್ಲ, ಕಾಗದ ಮಾತ್ರ ಸರಿ ಇರಬೇಕು. ನಾನು ಫೋನಿನಲ್ಲಿ ಹಳೇ ಫೋಟೋ ಹುಡುಕುತ್ತಾ ತಡಕಾಡುತ್ತಿದ್ದೆ. ಬೆಂಚಿನ ಮೇಲೆ ಕೂತಿದ್ದ ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಒಂದೊಂದೇ ಅಂಕಿ ಹೇಳಿಬಿಟ್ಟಳು. ಅದೂ ಇಂಗ್ಲಿಷಿನಲ್ಲಿ. ಅವ್ವನಿಗೆ ಓದು ಬರಹ ಬರಲ್ಲ. ಇಪ್ಪತ್ತಾರು ವರ್ಷದ ಹಿಂದೆ ನಾನು ಕೊಟ್ಟ ಮೊಬೈಲ್ ನಂಬರನ್ನೂ ಇವತ್ತಿಗೂ ಹೇಳಲಾರಳು. ಆದರೆ ಕಾಲುಶತಮಾನ ಕಂಡಕಂಡವರ ಕೈಲಿ ಇನ್‌ಲ್ಯಾಂಡ್ ಲೆಟರಿನ ಮೇಲೆ ವಿಳಾಸ ಬರೆಸಿದವಳು. ಆ ನಂಬರು ಬಾಯಿಪಾಠವಾಗಿಬಿಟ್ಟಿತ್ತು.

ಅಪ್ಪ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರಿಂಗ್ ದಳ. ಅಲ್ಲಿಯವರನ್ನು ಸೇನೆಯಲ್ಲಿ 'ತಂಬಿ' ಅಂತ ಕರೆಯುತ್ತಾರೆ. 1967ರಲ್ಲಿ ಸೇರಿ, 1991ರಲ್ಲಿ ಹವಾಲ್ದಾರ್ ಆಗಿ ಬಂದರು. 1971ರ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ ಮೈನ್, ಅಂದರೆ ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದರು. ಊರಿಗೆ ಬಂದ ಮೇಲೆ ಪಾಂಡವಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಬ್ಬು, ತೆಂಗು. ಊರವರಿಗೆಲ್ಲ ಅವರು 'ಮಿಲ್ಟ್ರಿ ಗೌಡ್ರು'. 2024ರ ಫೆಬ್ರವರಿ 11ರಂದು ಹೋದರು. 76 ವರ್ಷ.

ಸುಡುವುದೋ ಹೂಳುವುದೋ ಅನ್ನುವ ಮಾತು ಆಸ್ಪತ್ರೆಯ ಮೆಟ್ಟಿಲಲ್ಲೇ ಶುರುವಾಯಿತು. ಅಣ್ಣ ಮೈಸೂರಿನಲ್ಲೇ ಇರೋದು. "ಇಲ್ಲೇ ವಿದ್ಯುತ್ ಚಿತಾಗಾರದಲ್ಲಿ ಮುಗಿಸಿ, ಅಸ್ಥಿ ತಗೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡೋಣ, ಊರಿಗೆ ಹತ್ತಿರಾನೇ ಆಯ್ತು" ಅಂದ. ತಪ್ಪಿಲ್ಲದ ಮಾತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಅಲ್ಲೇ ಬಿಟ್ಟದ್ದು. ಆದರೆ ಅವ್ವ ಒಂದೇ ಮಾತು ಹೇಳಿದಳು: "ಅವರು ನಾಲೆ ಪಕ್ಕದ ತೆಂಗಿನ ಬುಡ ತೋರಿಸವ್ರೆ." ಅಲ್ಲಿಗೆ ಮುಗಿಯಿತು. ಊರಲ್ಲೇ ಮಣ್ಣು ಮಾಡೋದು ಅಂತಾಯಿತು.

ಇದರಿಂದ ಕಾಗದದ ಲೆಕ್ಕದಲ್ಲಿ ಒಂದು ವ್ಯತ್ಯಾಸ ಆಗುತ್ತೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಚಿತಾಗಾರದಲ್ಲಾದರೆ ಒಂದು ರಸೀದಿ ಸಿಗುತ್ತೆ. ಸ್ವಂತ ಜಮೀನಿನಲ್ಲಿ ಹೂತರೆ ರಸೀದಿ ಕೊಡೋರು ಯಾರು? ಆಗ ಎಲ್ಲದಕ್ಕೂ ಆಸ್ಪತ್ರೆಯ ಕಾಗದವೇ ಆಧಾರ. ಆ ಕಾಗದದಲ್ಲಿ ಅಪ್ಪನ ಹೆಸರನ್ನು ಆಧಾರ್ ಕಾರ್ಡ್ ನೋಡಿ ಬರೆದಿದ್ದರು. ಸೇನೆಯ ದಾಖಲೆಯಲ್ಲಿ ಅಪ್ಪನ ಹೆಸರು ಎರಡು ಪದ. ಆಧಾರ್‌ನಲ್ಲಿ ಒಂದೇ ಪದ, ಮುಂದೆ ಊರಿನ ಇನಿಷಿಯಲ್. ನಾನು ಓದದೆ ಸೈನ್ ಹಾಕಿ ಗಾಡಿ ಹತ್ತಿದೆ. ಆ ಹೊತ್ತಲ್ಲಿ ಯಾರು ಓದ್ತಾರೆ, ಹೇಳಿ.

ಮನೆ ಮುಂದೆ ಶಾಮಿಯಾನ ಹಾಕಿ, ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದೆವು. ತಲೆಯ ಹತ್ತಿರ ಒಂದು ದಿಂಬಿನ ಮೇಲೆ ಪದಕಗಳು. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಇನ್ನೆರಡು. ಅಷ್ಟರಲ್ಲಿ ಯುವಕ ಸಂಘದ ಹುಡುಗರು ಶಾಲೆಯಿಂದ ರಾಷ್ಟ್ರಧ್ವಜ ತಂದರು. ಅಪ್ಪನ ಮೇಲೆ ಹೊದಿಸಬೇಕು ಅಂತ. ಅವರ ಕಣ್ಣಲ್ಲಿ ನೀರಿತ್ತು, ನಮಗೂ ಅದು ಸರಿ ಅನ್ನಿಸಿತು. ಮಡಿಕೆ ಬಿಚ್ಚುತ್ತಿದ್ದಾಗ ಪಕ್ಕದೂರಿನ ಸುಬೇದಾರ್ ಮಾವ ಬಂದರು. ಅಪ್ಪನ ಜೊತೆಯಲ್ಲೇ ಕೆಲಸ ಮಾಡಿದವರು. ಜೋರು ಮಾಡಲಿಲ್ಲ. ಹುಡುಗನ ಕೈಯಿಂದ ಮೆಲ್ಲಗೆ ತಗೊಂಡು ಮತ್ತೆ ಮಡಚಿದರು.

"ಬೇಡ ಕಣ್ರಪ್ಪ. ಇದನ್ನ ನಾವಾಗಿ ನಾವು ಹೊದಿಸೋ ಹಾಗಿಲ್ಲ."

ಆಮೇಲೆ ಅವರು ಕೂತು ಹೇಳಿದ್ದು ಇದು. ಧ್ವಜ ಸಂಹಿತೆಯ ಪ್ರಕಾರ ಶವದ ಮೇಲೆ ಧ್ವಜ ಹೊದಿಸುವುದು ಸರ್ಕಾರಿ, ಸೈನಿಕ ಅಥವಾ ಕೇಂದ್ರದ ಅರೆಸೇನಾ ಪಡೆಗಳ ಗೌರವದ ಅಂತ್ಯಕ್ರಿಯೆಯಲ್ಲಿ ಮಾತ್ರ. ಆಗಲೂ ಕೇಸರಿ ಬಣ್ಣ ತಲೆಯ ಕಡೆ ಇರಬೇಕು. ಗುಂಡಿಗೆ ಇಳಿಸುವ ಮುಂಚೆ, ಚಿತೆಗೆ ಇಡುವ ಮುಂಚೆ ತೆಗೆಯಬೇಕು. ಮಣ್ಣಿಗೆ ಹೋಗಬಾರದು, ಬೆಂಕಿಗೆ ಹೋಗಬಾರದು. ನಿವೃತ್ತಿಯಾದ ಮೇಲೆ ತೀರಿಕೊಂಡ ಹವಾಲ್ದಾರನಿಗೆ ಆ ಗೌರವ ತಾನಾಗಿಯೇ ಬರಲ್ಲ. ನಾವು ಪ್ರೀತಿಯಿಂದ ಮಾಡಿದರೂ ಅದು ಧ್ವಜಕ್ಕೆ ಅವಮಾನವೇ.

ಒಬ್ಬ ಹುಡುಗ ಒಪ್ಪಲಿಲ್ಲ. "ಗುಡಿಗೆರೆಯಲ್ಲಿ ಮಾಡಿದ್ರಲ್ಲ ಮಾವ?" ಅಂದ. ಮಂಡ್ಯ ಜಿಲ್ಲೆಯ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ಹುತಾತ್ಮರಾದ ಮದ್ದೂರು ತಾಲೂಕಿನ ಆ ಯೋಧನ ಅಂತ್ಯಕ್ರಿಯೆ ಸರ್ಕಾರಿ ಗೌರವದಲ್ಲಿ ನಡೆದಾಗ ಜಿಲ್ಲೆಗೆ ಜಿಲ್ಲೆಯೇ ಹೋಗಿತ್ತು. ನಮ್ಮೂರಿಂದಲೂ ಎರಡು ಟ್ರ್ಯಾಕ್ಟರ್ ಹೋಗಿದ್ದವು. ಅಪ್ಪನೂ ಹೋಗಿದ್ದರು. ಸುಬೇದಾರ್ ಮಾವ ಹುಡುಗನ ಹೆಗಲ ಮೇಲೆ ಕೈ ಹಾಕಿದರು. "ಅವನು ಡ್ಯೂಟಿ ಮೇಲೆ ಹೋದ ಮಗ. ನಿಮ್ಮ ಮಿಲ್ಟ್ರಿ ಗೌಡ್ರು ಡ್ಯೂಟಿ ಮುಗಿಸಿ, ಮೂವತ್ತು ವರ್ಷ ಕಬ್ಬು ಬೆಳೆದು, ಮೊಮ್ಮಕ್ಕಳ ಜೊತೆ ಆಡಿ ಹೋದ್ರು. ಎರಡೂ ಒಂದೇ ಥರ ಹೆಂಗಾಗುತ್ತೆ?"

ಸಂಜೆ ಹೊತ್ತಿಗೆ ತಾಲೂಕಿನ ಮಾಜಿ ಸೈನಿಕರು ಹನ್ನೆರಡು ಜನ ಬಂದರು. ಕೆಲವರು ಬ್ಲೇಜರ್, ಕೆಲವರು ಪಂಚೆ ಮೇಲೆ ಕ್ಯಾಪ್. ಒಂದು ಹೂವಿನ ಚಕ್ರ ಇಟ್ಟರು. ಸಾಲಾಗಿ ನಿಂತರು. ಸುಬೇದಾರ್ ಮಾವ "ಸಾವಧಾನ್" ಅಂದಾಗ ಮಂಡಿ ನೋವಿನಿಂದ ಕುಂಟುತ್ತಾ ಬಂದಿದ್ದವರೂ ಕಂಬದ ಹಾಗೆ ನಿಂತುಬಿಟ್ಟರು. ಸೆಲ್ಯೂಟ್ ಹೊಡೆದರು. ತುಪಾಕಿ ಇಲ್ಲ, ಬ್ಯೂಗಲ್ ಇಲ್ಲ. ನಾಲೆಯಲ್ಲಿ ನೀರು ಹರಿಯೋ ಸದ್ದು ಮಾತ್ರ. ನಾನು ಆವತ್ತು ಅತ್ತದ್ದು ಆಗಲೇ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ರಾತ್ರಿ ಫೋನ್ ಮಾಡಿದ. "ಮಾವ, ತಾತನಿಗೆ ಸರ್ಕಾರದ ಕಡೆಯಿಂದ ಜಾಗ ಕೊಡಲ್ವಾ?" ಅಂತ ಕೇಳಿದ. ಅಲ್ಲಿ ಅರ್ಹತೆ ಇರುವ ಮಾಜಿ ಸೈನಿಕರಿಗೆ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ, ಹೆಸರಿನ ಕಲ್ಲು, ಮಡಚಿದ ಧ್ವಜ ಎಲ್ಲ ಸರ್ಕಾರವೇ ಕೊಡುತ್ತೆ. ಹೆಂಡತಿಗೂ ಅಲ್ಲೇ ಜಾಗ. ಅವನ ಪಕ್ಕದ ಮನೆಯವರಿಗೆ ಹಾಗೇ ಆಗಿತ್ತಂತೆ. ನಮ್ಮಲ್ಲಿ ಹಾಗೆ ಮಾಜಿ ಸೈನಿಕರಿಗೆ ಅಂತ ಮೀಸಲಾದ ಸ್ಮಶಾನದಲ್ಲಿ ಜಾಗ ಕೊಡೋ ಪದ್ಧತಿ ಇಲ್ಲಪ್ಪ ಅಂದೆ. ನನಗೇನೂ ಬೇಜಾರಾಗಲಿಲ್ಲ. ಅಪ್ಪನ ಜಾಗ ಅಪ್ಪನೇ ನೋಡಿಟ್ಟುಕೊಂಡಿದ್ದರಲ್ಲ.

ಮೂರನೇ ದಿನ ಹಾಲುತುಪ್ಪ. ಹನ್ನೊಂದಕ್ಕೆ ತಿಥಿ. ತಿಥಿಯ ದಿನ ಎಲೆ ಎತ್ತೋ ಹೊತ್ತಿಗೆ ದೂರದ ನೆಂಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಏನೋ ಸಮಾಧಾನ ಹೇಳ್ತಾರೆ ಅಂದುಕೊಂಡೆ. "ಕ್ಯಾಂಟೀನ್ ಕಾರ್ಡ್ ಏನ್ ಮಾಡ್ದೆ? ಈ ತಿಂಗಳ ರಮ್ ಬಂದಿತ್ತಾ?" ಅಂದರು. ಅಪ್ಪ ಇದ್ದಿದ್ದರೆ ನಕ್ಕಿರೋರು. (ಸೇನೆಯ ಕ್ಯಾಂಟೀನಿನಲ್ಲಿ ಸಾಮಾನು ತಗೊಳ್ಳೋ ಕಾರ್ಡ್ ಅದು. ವಾಪಸ್ ಕೊಡಬೇಕು. ಅವ್ವನ ಹೆಸರಿನಲ್ಲಿ ಬೇರೆ ಮಾಡಿಸಬೇಕು. ಆ ನೆಂಟರಿಗೆ ಇದನ್ನು ಹೇಳಿದ ಮೇಲೆ ಅವರು ನಮ್ಮ ಮನೆ ಕಡೆ ಬಂದಿಲ್ಲ.)

ಇನ್ನು ಕಾಗದದ ಕಥೆ.

ಮರಣ ಪ್ರಮಾಣಪತ್ರಕ್ಕೆ ನಾನು ಮೊದಲು ಹೋಗಿದ್ದು ಊರಿನ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ. ಹುಟ್ಟಿದ್ದು ಇಲ್ಲಿ, ಹೂತಿದ್ದು ಇಲ್ಲಿ, ಇನ್ನೆಲ್ಲಿ ಕೊಡ್ತಾರೆ ಅಂತ ನನ್ನ ಲೆಕ್ಕ. ಅವರು ಕೇಳಿದ್ದು, "ಜೀವ ಹೋಗಿದ್ದು ಎಲ್ಲಿ?" ಮೈಸೂರಿನಲ್ಲಿ ಅಂದೆ. "ಹಂಗಾದ್ರೆ ಅಲ್ಲಿನ ನಗರ ಪಾಲಿಕೆ." ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರೇ ವರದಿ ಮಾಡ್ತಾರೆ. ನಮ್ಮದನ್ನೂ ಮಾಡಿದ್ದರು, ಅದೇ ತಪ್ಪು ಹೆಸರಿನಲ್ಲಿ. ಅದರಲ್ಲಿ ಹೆಂಡತಿಯ ಹೆಸರೂ ಇರುತ್ತೆ. ಅದೂ ಆಧಾರ್‌ನದ್ದೇ.

ಆರು ಪ್ರತಿ ತಗೊಂಡು ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದೆ. ಅಪ್ಪನ ಕರಿ ಟ್ರಂಕಿನಿಂದ ಸಿಕ್ಕಿದ್ದೆಲ್ಲ ಒಂದು ಬಟ್ಟೆಯ ಚೀಲಕ್ಕೆ ತುಂಬಿಕೊಂಡಿದ್ದೆ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಅಪ್ಪನ ಮಾಜಿ ಸೈನಿಕ ಗುರುತಿನ ಚೀಟಿ, ಎರಡು ಹಳೇ ರಸೀದಿ ಪುಸ್ತಕ, ಒಂದು ಸ್ವೆಟರ್ ಹೆಣೆಯುವ ಕಡ್ಡಿ. ಕಡ್ಡಿ ಯಾಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಟೇಬಲ್ ಹಿಂದಿದ್ದವರೂ ಮಾಜಿ ಸೈನಿಕರೇ. ಚೀಲದಲ್ಲಿದ್ದದ್ದನ್ನೆಲ್ಲ ಸುರಿದುಕೊಂಡು, ಇಸ್ಪೀಟ್ ಎಲೆ ಜೋಡಿಸೋ ಹಾಗೆ ಜೋಡಿಸಿದರು. ಏನೇನು ಆಗಬೇಕು ಅಂತ ಬೆರಳು ಮಡಚಿ ಹೇಳಿದರು. ಕುಟುಂಬ ಪಿಂಚಣಿ ಮೊದಲು. ಆಮೇಲೆ ಅವ್ವನಿಗೆ ಮಾಜಿ ಸೈನಿಕರ ಪತ್ನಿ ಅನ್ನುವ ಗುರುತಿನ ಚೀಟಿ. ಅದಿದ್ದರೆ ಇಸಿಎಚ್‌ಎಸ್ ಕಾರ್ಡ್, ಕ್ಯಾಂಟೀನ್ ಕಾರ್ಡ್ ಸಲೀಸು. ಅಂತ್ಯಕ್ರಿಯೆಯ ಖರ್ಚಿನ ಸಹಾಯಕ್ಕೆ ಅಂತ ಒಂದು ಫಾರಂ ಕೊಟ್ಟರು. "ದೊಡ್ಡ ದುಡ್ಡೇನಲ್ಲ, ಆದ್ರೂ ಬಿಡಬೇಡಿ" ಅಂದರು. ಹಾಗೇ ಒಂದು ವಿಷಯ ಕೇಳಿದರು: "ಎಟಿಎಂ ಕಾರ್ಡ್ ಯಾರ ಹತ್ರ ಇದೆ?"

ನಾನು ಸುಮ್ಮನಾದೆ. ತಿಥಿ ಮುಗಿದ ವಾರಕ್ಕೆ ಅಪ್ಪನ ಖಾತೆಗೆ ಫೆಬ್ರವರಿಯ ಪಿಂಚಣಿ ಪೂರ್ತಿ ಬಂದಿತ್ತು. ನಾವು ಸಾವಿನ ವಿಷಯ ಇನ್ನೂ ತಿಳಿಸಿರಲಿಲ್ಲ. ಅಣ್ಣ ಆ ದುಡ್ಡನ್ನು ತೆಗೆದು ಶಾಮಿಯಾನದವರಿಗೆ, ಅಡುಗೆಯವರಿಗೆ ಕೊಟ್ಟಿದ್ದ. ಅಪ್ಪನ ದುಡ್ಡು ಅಪ್ಪನ ತಿಥಿಗೆ ಅಂತ. ಆದರೆ ಪಿಂಚಣಿ ಸಾಯುವ ದಿನದವರೆಗೆ ಮಾತ್ರ. 11ನೇ ತಾರೀಕು ಅಪ್ಪನ ಲೆಕ್ಕ ಮುಗೀತು, 12ರಿಂದ ಅವ್ವನ ಲೆಕ್ಕ ಶುರು. ಅಲ್ಲಿಂದಾಚೆಗೆ ಅಪ್ಪನ ಹೆಸರಲ್ಲಿ ಬಂದದ್ದು ವಾಪಸ್ ಹೋಗಬೇಕು. "ಗಾಬರಿ ಬೇಡ, ಬರೋದರಲ್ಲಿ ಹಿಡ್ಕೊಳ್ತಾರೆ. ಇನ್ನು ಮುಟ್ಟಬೇಡಿ" ಅಂದರು. ಕಾರ್ಡನ್ನು ಅವತ್ತೇ ಅವ್ವನ ಅಕ್ಕಿ ಡಬ್ಬಕ್ಕೆ ಹಾಕಿದೆವು.

ಹಿಂದೆಲ್ಲ ಬ್ಯಾಂಕಿಗೆ ಹೋಗಿ ಮ್ಯಾನೇಜರಿಗೆ ಹೇಳಿದರೆ ಅವರೇ ಪಿಂಚಣಿ ಬದಲಾಯಿಸುತ್ತಿದ್ದರು. ಈಗ 'ಸ್ಪರ್ಶ್' ಅಂತ ಆನ್‌ಲೈನ್ ವ್ಯವಸ್ಥೆ. ಪಿಂಚಣಿ ನೇರವಾಗಿ ಪ್ರಯಾಗರಾಜ್‌ನ ಪಿಸಿಡಿಎ, ಅಂದರೆ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿಯಿಂದ ಬರುತ್ತೆ. ಸಾವನ್ನು ಅದರಲ್ಲೇ ವರದಿ ಮಾಡಬೇಕು. ಪ್ರಮಾಣಪತ್ರ, ಅವ್ವನ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಅಪ್‌ಲೋಡ್. ಸೇವಾ ಕೇಂದ್ರದ ಹುಡುಗಿ ಚುರುಕಿನವಳು, ಅರ್ಧ ಗಂಟೆಯಲ್ಲಿ ಮುಗಿಸಿದಳು. ಎರಡು ವಾರಕ್ಕೆ ಅರ್ಜಿ ವಾಪಸ್ ಬಂತು. ಹೆಸರು ತಾಳೆಯಾಗ್ತಿಲ್ಲ.

ಅಪ್ಪನ ಎರಡು ಪದ, ಒಂದು ಪದದ ವಿಷಯ ಅಂತಾನೇ ನಾನು ಅಂದುಕೊಂಡಿದ್ದೆ. ಅದು ನಿಜ, ಆದರೆ ಚಿಕ್ಕದು. ದೊಡ್ಡದು ಬೇರೆ ಇತ್ತು. ಪಿಪಿಒದಲ್ಲಿ ಹೆಂಡತಿ ಅಂತ ಇದ್ದ ಹೆಸರು ನಮ್ಮ ಅವ್ವನದ್ದೇ ಅಲ್ಲ!

ಮನೆಗೆ ಬಂದು ಅವ್ವನಿಗೆ ಆ ಹೆಸರು ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅದು ನಾನೇ ಕಣ್ಲಾ" ಅಂದಳು. ತವರಿನಲ್ಲಿ ಇಟ್ಟ ಹೆಸರಂತೆ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಅತ್ತೆಯ ಹೆಸರೂ ಅದೇ ಇತ್ತು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗೋದು ಹೇಗೆ? ಅದಕ್ಕೆ ಬೇರೆ ಇಟ್ಟರು. ರೇಷನ್ ಕಾರ್ಡ್, ಓಟಿನ ಚೀಟಿ, ಆಧಾರ್ ಎಲ್ಲದರಲ್ಲೂ ಆ ಎರಡನೇ ಹೆಸರೇ. ಆದರೆ ಮದುವೆಯಾದ ಮೇಲೆ ರಜೆ ಮುಗಿಸಿ ಪಲ್ಟನ್‌ಗೆ ಹೋದ ಅಪ್ಪ ಅಲ್ಲಿ ಬರೆಸಿದ್ದು ಮೊದಲನೆಯದು. ಅವರಿಗೆ ಅವಳು ಆ ಹೆಸರಿನವಳೇ ಆಗಿದ್ದಳು ಅಂತ ಕಾಣುತ್ತೆ. "ಕಾಗದದಲ್ಲಿ ಹಂಗೇ ಬರೀತಿದ್ರು" ಅಂದಳು ಅವ್ವ. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಐವತ್ತು ವರ್ಷದ ಮಗ ನಾನು. ನನ್ನ ಅವ್ವನ ಹೆಸರು ನನಗೆ ಪ್ರಯಾಗರಾಜ್‌ನಿಂದ ಗೊತ್ತಾಗಬೇಕಾಯಿತು.

ಹುಟ್ಟಿದ ದಿನದ ಕಥೆ ಇನ್ನೊಂದು. ಆಧಾರ್‌ನಲ್ಲಿ ಜನವರಿ 1. ನಮ್ಮ ಕಡೆ ಅವ್ವನ ವಯಸ್ಸಿನವರೆಲ್ಲ ಜನವರಿ 1ರಂದೇ ಹುಟ್ಟಿದವರು ಅಲ್ವಾ. ಸೇನೆಯ ದಾಖಲೆಯಲ್ಲಿ ಬೇರೆ ವರ್ಷ. ಇದೇನು ಮಹಾ ಅಂತ ನಾನು ಅಂದುಕೊಂಡಿದ್ದೆ. ಸೈನಿಕ ಕಲ್ಯಾಣ ಕಚೇರಿಯವರು ಬೈದೇ ಹೇಳಿದರು. ಕುಟುಂಬ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ 20 ಪರ್ಸೆಂಟ್ ಜಾಸ್ತಿ. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಇನ್ನೊಂದರಷ್ಟು. ಹುಟ್ಟಿದ ದಿನ ತಪ್ಪಿದ್ದರೆ ಅದು ಯಾವಾಗ ಶುರುವಾಗಬೇಕು?

ನೋಟರಿ ಹತ್ತಿರ ಅಫಿಡವಿಟ್ ಆಯಿತು. ಈ ಹೆಸರಿನವಳೂ ಆ ಹೆಸರಿನವಳೂ ಒಬ್ಬಳೇ ಅಂತ. ಅವ್ವ ಹೆಬ್ಬೆಟ್ಟು ಒತ್ತಿದಳು. ಕಾಗದ ಅಂಚೆಯಲ್ಲೂ ಕಳಿಸಬಹುದಿತ್ತು. ಆದರೆ ನನಗೆ ತಡೆಯಲಾಗಲಿಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಹಲಸೂರು ಕೆರೆಯ ಹತ್ತಿರ ಎಂಇಜಿ ಗೇಟು. ಅಪ್ಪ ಹತ್ತೊಂಬತ್ತನೇ ವಯಸ್ಸಿನಲ್ಲಿ ಟ್ರಂಕು ಹೊತ್ತು ನಿಂತಿದ್ದ ಊರು ಇದೇ. ರೆಕಾರ್ಡ್ಸ್ ಕಚೇರಿಯಲ್ಲಿ ಆರ್ಮಿ ನಂಬರ್ ಕೇಳಿದರು. ಈ ಸಲ ನಾನೂ ನೋಡದೆ ಹೇಳಿದೆ. ಒಬ್ಬರು ಒಳಗೆ ಹೋಗಿ ಕಂದು ಬಣ್ಣಕ್ಕೆ ತಿರುಗಿದ ಹಾಳೆಯ ಪ್ರತಿ ತಂದು ತೋರಿಸಿದರು. ಮದುವೆಯ ದಿನ, ಹೆಂಡತಿಯ ಹೆಸರು, ಆಮೇಲೆ ಅಣ್ಣ, ಅಕ್ಕ, ನಾನು ಹುಟ್ಟಿದ ದಿನಗಳು. ಸೇನೆಯವರು ಇದಕ್ಕೆ ಪಾರ್ಟ್ 2 ಆರ್ಡರ್ ಅಂತಾರೆ. ಮನೆಯಲ್ಲಿ ಮಗು ಹುಟ್ಟಿದರೆ ಅಲ್ಲಿ ಒಂದು ಆದೇಶ. ನಾನು ಹುಟ್ಟಿದಾಗ ಅಪ್ಪ ಎಲ್ಲೋ ಉತ್ತರದಲ್ಲಿದ್ದರು, ನನ್ನನ್ನು ನೋಡಿದ್ದು ಏಳು ತಿಂಗಳಿಗೆ. ಆದರೆ ನಾನು ಹುಟ್ಟಿದ್ದನ್ನು ಬರೆಸಿದ್ದರು.

ಅಪ್ಪ ಬದುಕಿದ್ದಾಗಲೇ ಒಂದು ಅರ್ಜಿ ಕೊಟ್ಟು ಅವ್ವನ ಹೆಸರು ತಿದ್ದಿಸಿದ್ದರೆ ಕೆಲಸ ಸುಲಭ ಇತ್ತು ಅಂತ ಅಲ್ಲಿನ ಗುಮಾಸ್ತರು ಹೇಳಿದರು. ಪಿಂಚಣಿದಾರರು ತಾವೇ ಕೇಳಿದರೆ ಪ್ರಶ್ನೆ ಕಮ್ಮಿ. ಸತ್ತ ಮೇಲೆ ಹೆಂಡತಿ ತಾನೇ ಹೆಂಡತಿ ಅಂತ ಸಾಬೀತು ಮಾಡಬೇಕು. ಸುಬೇದಾರ್ ಮಾವನಿಗೆ ಅವತ್ತು ಸಂಜೆಯೇ ಫೋನ್ ಮಾಡಿ ಪಿಪಿಒ ತೆಗೆದು ಅತ್ತೆಯ ಹೆಸರು ನೋಡಿ ಅಂದೆ. "ಅವಳ ಹೆಸರು ನನಗೆ ಗೊತ್ತಿಲ್ವೇನ್ಲಾ" ಅಂತ ರೇಗಿದರು. ಮಾರನೇ ದಿನ ಅವರೇ ವಾಪಸ್ ಫೋನ್ ಮಾಡಿದರು. ಒಂದು ಅಕ್ಷರ ಹೆಚ್ಚಿತ್ತಂತೆ.

ತಿದ್ದಿದ ಪಿಪಿಒ ಬರೋಕೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಅವ್ವನಿಗೆ ಒಂದು ಪೈಸೆ ಇಲ್ಲ. ನಾವು ಮಕ್ಕಳಿದ್ದೆವು, ನಡೀತು. ಮಕ್ಕಳಿಲ್ಲದವರ ಗತಿ ಏನು ಅಂತ ಆಗಾಗ ಯೋಚನೆ ಬರುತ್ತಿತ್ತು. ಜುಲೈ ಕೊನೆಗೆ ಬಾಕಿಯೆಲ್ಲ ಒಟ್ಟಿಗೆ ಬಂತು. ಫೆಬ್ರವರಿಯಲ್ಲಿ ಜಾಸ್ತಿ ತೆಗೆದಿದ್ದನ್ನು ಸರಿಯಾಗಿ ಹಿಡಿದುಕೊಂಡಿದ್ದರು, ಒಂದು ರೂಪಾಯಿಯೂ ಬಿಟ್ಟಿರಲಿಲ್ಲ.

ಮೊತ್ತ ನೋಡಿ ಅಣ್ಣನಿಗೆ ಅನುಮಾನ. ಅಪ್ಪನಿಗೆ ಬರುತ್ತಿದ್ದದ್ದಕ್ಕಿಂತ ಕಮ್ಮಿ ಇದೆ ಅಂತ. ಕಮ್ಮಿಯೇ ಇರುತ್ತೆ. ಪಿಂಚಣಿ ಕೊನೆಯ ಸಂಬಳದ 50 ಪರ್ಸೆಂಟ್ ಲೆಕ್ಕ, ಸಾಮಾನ್ಯ ಕುಟುಂಬ ಪಿಂಚಣಿ 30 ಪರ್ಸೆಂಟ್. ಅಪ್ಪನಿಗೆ ಹತ್ತು ಬರುತ್ತಿದ್ದರೆ ಅವ್ವನಿಗೆ ಸುಮಾರು ಆರು. ಅದರ ಮೇಲೆ ತುಟ್ಟಿಭತ್ಯೆ. ನಿವೃತ್ತಿಯಾಗಿ ಬೇಗ ತೀರಿಕೊಂಡವರ ಹೆಂಡತಿಗೆ ಮಾತ್ರ 50 ಪರ್ಸೆಂಟ್ ಮುಂದುವರಿಯುತ್ತೆ. ಅದೂ ಏಳು ವರ್ಷ ಅಥವಾ ಗಂಡನಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಷ್ಟು. ಅಪ್ಪ 67 ದಾಟಿ ಒಂಬತ್ತು ವರ್ಷ ಆಗಿತ್ತು. ಅಣ್ಣನಿಗೆ ಇದನ್ನು ಮೂರು ಸಲ ಹೇಳಿದೆ. ಅವ್ವ ಮಾತ್ರ ಮೊತ್ತ ಕೇಳಲಿಲ್ಲ. "ಯಾವ ಹೆಸರಿಗೆ ಬಂತು?" ಅಂದಳು. ಎರಡನೇದು, ಆಧಾರ್‌ನದ್ದು ಅಂದೆ. "ಓ" ಅಂದಳು ಅಷ್ಟೇ.

ನವೆಂಬರ್ ಬಂತು. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ, ಬದುಕಿದ್ದೀನಿ ಅಂತ. ಅಪ್ಪ ಇದಕ್ಕೆ ಇಸ್ತ್ರಿ ಶರ್ಟ್ ಹಾಕಿಕೊಂಡು, ಮೀಸೆ ತೀಡಿಕೊಂಡು ಹೋಗೋರು. ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸೇವಾ ಕೇಂದ್ರಕ್ಕೆ ಹೋದೆ. ಬೆರಳಚ್ಚಿನ ಮೆಷಿನ್ ಅವ್ವನ ಬೆರಳನ್ನು ಒಪ್ಪಲಿಲ್ಲ. ಹತ್ತು ಬೆರಳೂ ಇಟ್ಟು ನೋಡಿದರು. ಕಳೆ ಕಿತ್ತು, ಕಬ್ಬಿನ ಸೋಗೆ ಎಳೆದು ಗೆರೆಗಳೇ ಸವೆದುಹೋಗಿದ್ದವು. ಹುಡುಗಿ ಮೊಬೈಲ್ ತೆಗೆದು, "ಅಜ್ಜಿ, ಮುಖ ತೋರಿಸಿದ್ರೂ ಆಗುತ್ತೆ. ಇದನ್ನ ನೋಡಿ, ಒಂದ್ಸಲ ಕಣ್ಣು ಮಿಟುಕಿಸಿ" ಅಂದಳು.

ಅವ್ವ ನನ್ನ ಕಡೆ ತಿರುಗಿದಳು. "ಬದುಕಿದ್ದೀನಿ ಅಂತ ಹೇಳೋಕೆ ಕಣ್ಣು ಹೊಡೀಬೇಕಾ?"

ಹುಡುಗಿ ನಕ್ಕಳು. ಅಲ್ಲಿದ್ದ ಇನ್ನಿಬ್ಬರು ಪಿಂಚಣಿದಾರರೂ ನಕ್ಕರು. ಅವ್ವನೂ ನಕ್ಕಳು, ಬಾಯಿಗೆ ಸೆರಗು ಹಿಡಿದುಕೊಂಡು. ಫೆಬ್ರವರಿಯಿಂದೀಚೆಗೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಅಜ್ಜಿ, ಸೆರಗು ತೆಗೀರಿ, ಮುಖ ಕಾಣ್ತಿಲ್ಲ" ಅಂದಳು ಹುಡುಗಿ. ಮೂರನೇ ಸಲಕ್ಕೆ ಆಯಿತು.